ಗ್ರಂಥಿ ಹೋದ ಮೇಲೂ

ಮೂವತ್ತು ಚಿಲ್ಲರೆ ವರ್ಷ ನಾನು ಚೆನ್ನೈನಲ್ಲಿ ಜನರ ಕುತ್ತಿಗೆ ನೋಡಿ ಬದುಕಿದವಳು. ಥೈರಾಯ್ಡ್ ಡಾಕ್ಟರು. ನಿವೃತ್ತಿಯಾದ ಮೇಲೆ, ಈ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಮೇಡಂ ಏನಾದ್ರೂ ಹೇಳಿ ಅನ್ನುತ್ತಾರೆ. ಏನು ಹೇಳಲಿ? ಪಾಠ ಎಲ್ಲ ನಿಮ್ಮ ಫೋನಿನಲ್ಲೇ ಇದೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಅನ್ನುವುದು ನನ್ನ ಒಡಹುಟ್ಟಿದ ತಂಗಿಗೂ ಬೇಡದ ವಿಷಯ. ಹೇಳಲೇಬೇಕು ಅಂದರೆ ಶ್ರೀಲತಾ ಎನ್ನುವ ಹುಡುಗಿಯ ಹೊಟ್ಟೆಯಲ್ಲಿದ್ದ ಮಗುವಿನ ವಿಷಯ ಹೇಳಬೇಕು. ಆ ಮಗುವಿನ ಹೃದಯ ಕಾರಣವಿಲ್ಲದೆ ಓಡುತ್ತಿತ್ತು. ಕಾರಣ ಸಿಗದೇ ಹೋಗಿದ್ದರೆ ಹೊಟ್ಟೆಯೊಳಗೇ ದಣಿದು ನಿಂತುಬಿಡುತ್ತಿತ್ತು. ಅದನ್ನು ಹೇಳುವ ಮೊದಲು ಈ ಕೆಲಸ ಎಂಥದ್ದು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವತ್ತು ನಾನು ಯಾಕೆ ಅಷ್ಟು ಬೆರಗಾದೆ ಅನ್ನುವುದು ನಿಮಗೆ ಹತ್ತುವುದಿಲ್ಲ.

ಥೈರಾಯ್ಡ್ ಅಂದರೆ ಕುತ್ತಿಗೆಯ ಮುಂದೆ, ಗಂಟಲಿಗೆ ಅಂಟಿಕೊಂಡು ಕೂತ ಒಂದು ಪುಟ್ಟ ಗ್ರಂಥಿ. ತೂಗಿದರೆ ಒಂದು ಉದ್ದಿನ ವಡೆಯಷ್ಟೂ ತೂಗುವುದಿಲ್ಲ. ಆದರೆ ನೆತ್ತಿಯ ಕೂದಲಿನಿಂದ ಕಾಲಿನ ಉಗುರಿನವರೆಗೆ ಇಡೀ ದೇಹದ ವೇಗ ಅದರ ಕೈಯಲ್ಲಿದೆ. ನಮ್ಮ ರಕ್ತದಲ್ಲಿ ಪ್ರತಿಕಾಯಗಳು ಅಂತ ಇವೆಯಲ್ಲ, ಹೊರಗಿನಿಂದ ನುಗ್ಗಿದ ರೋಗಾಣುವನ್ನು ಹಿಡಿಯುವಂಥವು, ಕೆಲವರಲ್ಲಿ ಅವು ಈ ಗ್ರಂಥಿಯ ಮೇಲೇ ತಿರುಗಿಬೀಳುತ್ತವೆ. ಯಾಕೆ ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ, ಗೊತ್ತಿದೆ ಅನ್ನುವವರನ್ನು ನಂಬಬೇಡಿ. ತಿರುಗಿಬೀಳುವುದರಲ್ಲೂ ಎರಡು ಬಗೆ. ಹಾಶಿಮೊಟೊ ಅನ್ನುವ ಕಾಯಿಲೆಯಲ್ಲಿ ದೇಹ ಗ್ರಂಥಿಯನ್ನು ಮೆಲ್ಲಮೆಲ್ಲಗೆ ಕೊರೆದು ಒಣಗಿಸುತ್ತದೆ, ಮನುಷ್ಯ ನಿಧಾನವಾಗುತ್ತಾನೆ. ಗ್ರೇವ್ಸ್ ಅನ್ನುವುದರಲ್ಲಿ ಗ್ರಂಥಿಯನ್ನು ಕೆರಳಿಸುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಕಾಯುವವನೇ ಕೈ ಮಾಡಿದರೆ ಹೀಗೆಲ್ಲ ಆಗುತ್ತದೆ.

ನನಗೆ ಈ ಕೆಲಸ ಕಲಿಸಿದವರು ನಮ್ಮ ಚೀಫ್. ಮಹಾ ಮುಂಗೋಪಿ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೈಗೆ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟು, ಗುಟುಕು ನುಂಗುವಾಗ ಕುತ್ತಿಗೆಯಲ್ಲಿ ಏನು ಏರುತ್ತದೆ, ಏನು ಇಳಿಯುತ್ತದೆ ನೋಡುವುದು ಅವರ ಪದ್ಧತಿ. ನಾನು ಆಗಷ್ಟೇ ಮೈಸೂರಿನಿಂದ ಬಂದವಳು. ತಮಿಳು ಬರದ ಸಂಕೋಚ ಮುಚ್ಚಿಕೊಳ್ಳಲು ರೋಗಿಯ ಹತ್ತಿರ ಏನಾದರೂ ವಟಗುಟ್ಟುತ್ತಲೇ ಇರುತ್ತಿದ್ದೆ. ನಿನ್ನ ಬಾಯಿ ಕೆಲಸಕ್ಕೆ ಬಂದ ಕೂಡಲೇ ಕಣ್ಣು ರಜಾ ಹಾಕುತ್ತದೆ ಎಂದು ಎಲ್ಲರೆದುರು ಬೈದರು. ಮಾನ ಹೋಯಿತು. ಆದರೆ ಬಾಯಿ ಮುಚ್ಚಿ ನೋಡುವುದನ್ನು ಆಮೇಲೆ ಕಲಿತೆ. ಅವರ ಇನ್ನೊಂದು ಸಿಟ್ಟು ಹಳೆಯ ಚೀಟಿ ನೋಡಿ ಕಾಯಿಲೆಯ ಹೆಸರು ನಕಲು ಮಾಡುವವರ ಮೇಲೆ. ಒಬ್ಬ ಡಾಕ್ಟರು ಆತುರದಲ್ಲಿ ಗೀಚಿದ ಪದವನ್ನು ಮುಂದಿನವರೆಲ್ಲ ಕಣ್ಣುಮುಚ್ಚಿ ಬರೆಯುತ್ತಾ ಹೋಗುತ್ತಾರೆ, ಕೊನೆಗೆ ಅದೇ ವೇದವಾಗುತ್ತದೆ ಅನ್ನುತ್ತಿದ್ದರು.

ಆ ದಿನಗಳಲ್ಲಿ ತಿರುವೊಟ್ಟಿಯೂರಿನಿಂದ ಮೀನು ಮಾರುವ ಹೆಂಗಸೊಬ್ಬಳು ಬಂದಿದ್ದಳು. ಅವಳ ದೂರು ಒಂದೇ. ಧ್ವನಿ ಗಂಡಸಿನದಾಗಿದೆ, ಕೂಗಿದರೆ ಪಕ್ಕದ ಮನೆಗೂ ಕೇಳುವುದಿಲ್ಲ, ವ್ಯಾಪಾರ ಬಿದ್ದುಹೋಗಿದೆ. ಅಲ್ಲಿ ಇಲ್ಲಿ ಗಂಟಲು ತೋರಿಸಿ ಸುಸ್ತಾಗಿ ಬಂದಿದ್ದಳು. ಮುಖ ಊದಿತ್ತು, ಚರ್ಮ ಒರಟಾಗಿತ್ತು, ಏಪ್ರಿಲ್ ತಿಂಗಳಲ್ಲಿ ಸೆರಗು ಹೊದ್ದು ಕೂತಿದ್ದಳು. ಚೆನ್ನೈ ಏಪ್ರಿಲ್‌ನಲ್ಲಿ ಚಳಿ ಅನ್ನುವವರನ್ನು ಕಂಡರೆ ರಕ್ತ ತೆಗೆಯುವ ಮೊದಲೇ ನಮಗೆ ಅರ್ಧ ಗೊತ್ತಾಗಿಬಿಡುತ್ತದೆ. ಹಾಶಿಮೊಟೊ. ಮಾತ್ರೆ ಶುರುಮಾಡಿದೆವು. ಕೆಲವು ತಿಂಗಳು ಕಳೆದು ಒಂದು ಬೆಳಿಗ್ಗೆ, ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ಗೋಡೆ ಬಿರಿಯುವ ಹಾಗೆ ವಂಜಿರಂ, ಶಂಕರಾ ಎಂದು ಮೀನಿನ ಹೆಸರು ಕೂಗಿದರು. ಸೆಕ್ಯುರಿಟಿಯವರು ಓಡಿಬಂದರು. ನೋಡಿದರೆ ಅವಳೇ. ಧ್ವನಿ ವಾಪಸು ಬಂದದ್ದನ್ನು ಡಾಕ್ಟರಿಗೆ ತೋರಿಸಬೇಡವೇ? ನಮ್ಮ ಚೀಫ್ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಒಂದು ಚಿಕ್ಕ ಮಾತ್ರೆ ಒಬ್ಬ ಹೆಂಗಸನ್ನು ಅವಳ ಧ್ವನಿಯ ಸಮೇತ ಹಿಂದಕ್ಕೆ ತಂದುಕೊಡುತ್ತದೆ ಅಂದರೆ, ಅಬ್ಬಾ ಅನ್ನದೆ ಇರಲಿಕ್ಕಾಗುತ್ತದೆಯೇ?

ಆಮೇಲೆ ಹೊಸ ಯಂತ್ರಗಳು ಬಂದವು. ಮೊದಲು ರಕ್ತ ಕಳಿಸಿ ವಾರಗಟ್ಟಲೆ ಕಾಯುತ್ತಿದ್ದೆವು, ಈಗ ಊಟ ಮುಗಿಸಿ ಬರುವಷ್ಟರಲ್ಲಿ ವರದಿ ಮೇಜಿನ ಮೇಲೆ. ಯಂತ್ರ ಹೇಳಿದ್ದೇ ಸತ್ಯ ಅನ್ನುವ ಕಾಲ. ಸೌಕಾರ್‌ಪೇಟೆಯ ಸಗಟು ಬಟ್ಟೆ ವ್ಯಾಪಾರಿಯೊಬ್ಬರ ಹೆಂಡತಿ ಬಂದರು. ವರದಿ ಓದಿದರೆ ಘೋರ ಗ್ರೇವ್ಸ್, ಪ್ರತಿಕಾಯವೂ ಏರಿತ್ತು. ನಮ್ಮ ಕಿರಿಯ ಡಾಕ್ಟರು ಔಷಧಿ ಬರೆದೂ ಆಗಿತ್ತು. ನಾನು ಆಕೆಯ ಕೈ ಹಿಡಿದೆ. ತಣ್ಣಗಿತ್ತು, ನಡುಕ ಇಲ್ಲ, ನಾಡಿ ಸಮಾಧಾನವಾಗಿ ಹೊಡೆಯುತ್ತಿತ್ತು. ರಾತ್ರಿ ಒಳ್ಳೇ ನಿದ್ದೆ, ಈಚೆಗೆ ದಪ್ಪ ಆಗಿದ್ದೇನೆ ಅಂದರು. ವರದಿಯಲ್ಲಿದ್ದ ಹೆಂಗಸಿಗೂ ಕುರ್ಚಿಯಲ್ಲಿದ್ದ ಹೆಂಗಸಿಗೂ ಸಂಬಂಧವೇ ಇರಲಿಲ್ಲ. ಕೆದಕಿ ಕೇಳಿದರೆ, ಮಗಳ ಮದುವೆಗೆ ಮೊದಲು ಕೂದಲು ದಟ್ಟವಾಗಲಿ ಅಂತ ಬಯೋಟಿನ್ ಮಾತ್ರೆ ದಿನಾ ನುಂಗುತ್ತಿದ್ದರು. ಆ ಯಂತ್ರದ ಪರೀಕ್ಷೆಯೊಳಗೂ ಬಯೋಟಿನ್ನೇ ಬಳಸುತ್ತಾರೆ, ರಕ್ತದಲ್ಲಿ ಅದು ತುಂಬಿದ್ದರೆ ಯಂತ್ರ ಲೆಕ್ಕ ತಪ್ಪುತ್ತದೆ. ಕೆಲವು ದಿನ ನಿಲ್ಲಿಸಿ ಮತ್ತೆ ನೋಡಿದರೆ ಎಲ್ಲ ಸರಿಯಾಗಿತ್ತು. ಅಲ್ರೀ, ಕೂದಲಿನ ಮಾತ್ರೆಗೆ ಗ್ರಂಥಿ ಬಲಿಯಾಗುವುದರಲ್ಲಿತ್ತು. ಆದ್ದರಿಂದ ವರದಿ ಓದುವ ಮೊದಲು ಕೈ ಹಿಡಿಯಿರಿ ಎಂದು ನಾನು ಹೇಳಿ ಹೇಳಿ ಎಲ್ಲರ ತಲೆ ತಿಂದಿದ್ದೇನೆ.

ಇನ್ನು ಶ್ರೀಲತಾ.

ಕ್ರೋಂಪೇಟೆ ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯವರು ನಡೆಸುವ ಹೋಟೆಲಿನ ಮನೆಗೆ ಸೊಸೆಯಾಗಿ ಹೋದವಳು. ತವರು ತಿರುವೊಟ್ಟಿಯೂರು. ಅಪ್ಪನದೂ ಅಲ್ಲಿ ಕಾರ್ಖಾನೆಯವರಿಗೆ ತಿಂಡಿ ಊಟ ಹಾಕುವ ಸಣ್ಣ ಹೋಟೆಲು. ಮದುವೆಯಾಗಿ ಬಹಳ ಕಾಲ ಕಾದ ಮೇಲೆ ನಿಂತ ಬಸುರು. ಬೇರೆ ಕಡೆಯಿಂದ ತಂದ ಚೀಟಿಯಲ್ಲಿ ಹಾಶಿಮೊಟೊ ಎಂದು ಬರೆದಿತ್ತು, ಮದುವೆಗೆ ಮೊದಲಿನಿಂದಲೂ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಳು. ಹಾಶಿಮೊಟೊದಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿಕಾಯವೂ ರಕ್ತದಲ್ಲಿ ಇತ್ತು. ಕುತ್ತಿಗೆ ಮುಟ್ಟಿದರೆ ಗ್ರಂಥಿ ಕೈಗೇ ಸಿಗಲಿಲ್ಲ. ಒಣಗಿದೆ, ಸರಿ. ಎಲ್ಲ ಹೊಂದಿಕೊಂಡಿತ್ತು, ಯಾರಿಗೂ ಅನುಮಾನ ಬರಲಿಲ್ಲ. ತಿಂಗಳಿಗೊಮ್ಮೆ ಬಂದು ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಂಡು ಹೋಗುತ್ತಿದ್ದಳು. ಜೊತೆಗೆ ಯಾವಾಗಲೂ ಅತ್ತೆ ಸರೋಜಮ್ಮ. ಗಟ್ಟಿ ಹೆಂಗಸು. ಸೊಸೆಯನ್ನು ಕೇಳಿದ ಪ್ರಶ್ನೆಗೂ ಅವರೇ ಉತ್ತರ ಕೊಡುತ್ತಿದ್ದರು. ಆದರೆ ಆ ಹುಡುಗಿಯ ಕಾಲು ಊದಿದೆಯೇ, ಊಟ ಸೇರುತ್ತಿದೆಯೇ ಅನ್ನುವುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಏಳನೆಯ ತಿಂಗಳಲ್ಲಿ ಮನೆಗೆ ಬಂದಿದ್ದ ನಾದಿನಿಯ ಮಗುವಿಗೆ ಚಿಕನ್‌ಪಾಕ್ಸ್ ಆಯಿತು. ಬಸುರಿ ಇರುವ ಮನೆ, ಹೆದರಿಕೆಯಾಗದೆ ಇರುತ್ತದೆಯೇ? ಹೆರಿಗೆ ವಿಭಾಗದ ಡಾಕ್ಟರ್ ಕಲೈಸೆಲ್ವಿ ಶ್ರೀಲತಾಳನ್ನು ಕರೆಸಿ ಪರೀಕ್ಷೆ ಮಾಡಿದಾಗ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ನಿಮಿಷಕ್ಕೆ ನೂರ ಎಂಬತ್ತರ ಮೇಲಿತ್ತು. ಮಲಗಿಸಿದರೂ ಇಳಿಯಲಿಲ್ಲ, ಮರುದಿನವೂ ಇಳಿಯಲಿಲ್ಲ. ಮಗು ಬೆಳೆಯಬೇಕಾದಷ್ಟು ಬೆಳೆದೂ ಇರಲಿಲ್ಲ. ಹೃದಯದ ರಚನೆಯಲ್ಲಿ ದೋಷವಿಲ್ಲ ಎಂದು ಸ್ಕ್ಯಾನ್ ಹೇಳಿತು. ಹಾಗಾದರೆ ಸೋಂಕು ಮಗುವಿಗೆ ತಗುಲಿದೆಯೇ ಅನ್ನುವುದೇ ಎಲ್ಲರ ಭಯ.

ಆಗ ತಿರುವೊಟ್ಟಿಯೂರಿನಿಂದ ಓಡಿಬಂದವರು ಶ್ರೀಲತಾಳ ಅಮ್ಮ ಪದ್ಮಾವತಿಯಮ್ಮ. ಚಿಕನ್‌ಪಾಕ್ಸಿಗೆ ಹೆದರಬೇಕಾದ್ದೇ ಇಲ್ಲ, ಮಗಳಿಗೆ ಮದುವೆಗೆ ಮೊದಲೇ ಒಂದು ಸಲ ಬಂದು ಹೋಗಿದೆ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಸಾಕ್ಷಿ ಬೇಕೇ ಅಂದರೆ ಅದೂ ಇತ್ತು. ಇಲ್ಲಿಯ ರೂಢಿಯ ಹಾಗೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಗಳನ್ನು ಒಳಕೋಣೆಯಲ್ಲಿ ಎರಡು ವಾರ ಬೇರೆಯೇ ಇಟ್ಟಿದ್ದರಂತೆ, ಅಕ್ಕಪಕ್ಕದ ಮಕ್ಕಳನ್ನು ಹತ್ತಿರ ಬಿಟ್ಟಿರಲಿಲ್ಲವಂತೆ. ಎದುರುಮನೆಯವರು ಕೂಳು, ಅಂದರೆ ಅಂಬಲಿ, ಕಾಯಿಸಿ ತಂದು ಹೊಸಿಲಲ್ಲಿಟ್ಟು ಹೋಗುತ್ತಿದ್ದರು, ಕೊನೆಗೆ ಬೇವು ಅರಿಶಿನದ ನೀರು ಹಾಕಿ ಸ್ನಾನ ಮಾಡಿಸಿದ್ದೂ ಬೀದಿಗೆಲ್ಲ ಗೊತ್ತಿತ್ತು. ಕಲೈಸೆಲ್ವಿಗೆ ಸ್ವಲ್ಪ ಸಮಾಧಾನವಾಯಿತು. ಆದರೂ ಅವಳು ಅಚ್ಚುಕಟ್ಟಿನ ಹೆಂಗಸು, ಇರಲಿ ಎಂದು ರಕ್ತ ಕಳಿಸಿದಳು.

ವರದಿ ಬಂತು. ಚಿಕನ್‌ಪಾಕ್ಸ್ ಬಂದುಹೋದವರ ರಕ್ತದಲ್ಲಿ ಅದರ ಪ್ರತಿಕಾಯ ಉಳಿದಿರುತ್ತದೆ. ಶ್ರೀಲತಾಳ ರಕ್ತದಲ್ಲಿ ಅದರ ಸುಳಿವೇ ಇರಲಿಲ್ಲ. ಅಂದರೆ ಆ ಹುಡುಗಿಗೆ ಜೀವಮಾನದಲ್ಲಿ ಚಿಕನ್‌ಪಾಕ್ಸ್ ಬಂದೇ ಇಲ್ಲ. ಭಯ ದುಪ್ಪಟ್ಟಾಯಿತು. ಮಗುವನ್ನು ಈಗಲೇ ಹೊರಗೆ ತೆಗೆಯಬೇಕೇ ಅನ್ನುವ ಮಾತು ಶುರುವಾಯಿತು. ಏಳು ತಿಂಗಳಿನ, ಸೊರಗಿದ ಮಗು, ಓಡುವ ಹೃದಯ. ಹೊರಗೆ ತೆಗೆದರೂ ಉಳಿಯುತ್ತದೆ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನನ್ನು ಕರೆದದ್ದು ಒಂದು ಸಣ್ಣ ಪ್ರಶ್ನೆಗೆ. ಅಮ್ಮನ ಥೈರಾಯ್ಡ್ ಮಾತ್ರೆ ಜಾಸ್ತಿಯಾಗಿ ಮಗುವಿನ ಹೃದಯ ಹೀಗೆ ಓಡುತ್ತಿದೆಯೇ? ಹಾಗಿರಲಿಲ್ಲ, ಅಮ್ಮನ ಪ್ರಮಾಣ ಸರಿಯಾಗಿಯೇ ಇತ್ತು. ಅಷ್ಟು ಹೇಳಿ ಎದ್ದು ಬರಬಹುದಿತ್ತು. ಆದರೆ ಕಲೈಸೆಲ್ವಿ ಬೇವಿನ ಸೊಪ್ಪಿನ ಕಥೆ ಹೇಳಿ, ಮತ್ತೆ ಯಾವ ಕಾಯಿಲೆಗೆ ಇವರು ಬೇವು ಕಟ್ಟಿದರೋ ಎಂದು ಹಣೆ ಚಚ್ಚಿಕೊಂಡಳು. ನಾನು ಹಾಗೇ ನಿಂತೆ. ಹರೆಯದ ಹುಡುಗಿ. ಎರಡು ವಾರ ಬೇರೆ ಕೋಣೆ. ಮಕ್ಕಳು ಹತ್ತಿರ ಬರಕೂಡದು. ಹಾಗೆ ಇರಿ ಎಂದು ನಾನೇ ನನ್ನ ಬಾಯಾರೆ ಎಷ್ಟು ಜನಕ್ಕೆ ಹೇಳಿಲ್ಲ?

ವಾರ್ಡಿಗೆ ಹೋದೆ. ಶ್ರೀಲತಾ ಎಡಕ್ಕೆ ತಿರುಗಿ ಮಲಗಿದ್ದಳು, ಹೊಟ್ಟೆಗೆ ಬೆಲ್ಟು ಕಟ್ಟಿತ್ತು, ಯಂತ್ರದಿಂದ ಮಗುವಿನ ಎದೆಬಡಿತ ಟಪಟಪ ಎಂದು ಒಂದೇ ಸಮನೆ ಕೇಳುತ್ತಿತ್ತು. ಒಂದು ಕಡೆ ಅಮ್ಮ, ಒಂದು ಕಡೆ ಅತ್ತೆ. ಅತ್ತೆಯನ್ನು ಹೊರಗೆ ಕಳಿಸದೆ ನನ್ನ ಪ್ರಶ್ನೆ ಕೇಳುವ ಹಾಗಿರಲಿಲ್ಲ. ಹೋಟೆಲಿನವರಲ್ಲವೇ, ನಮ್ಮ ಕ್ಯಾಂಟೀನಿನ ಕಾಫಿ ಈಚೆಗೆ ಕೆಟ್ಟುಹೋಗಿದೆ ಅನ್ನುತ್ತಾರೆ, ಒಂದು ಸಲ ಕುಡಿದು ನೋಡಿ ಏನು ಕೊರತೆ ಹೇಳ್ತೀರಾ ಅಂದೆ. ಇನ್ನೊಬ್ಬರ ಕಾಫಿಗೆ ತೀರ್ಪು ಕೊಡಿ ಅಂದರೆ ಹೋಟೆಲಿನವರು ಬೇಡ ಅನ್ನುವುದುಂಟೇ? ಸರೋಜಮ್ಮ ಸೆರಗು ಸರಿಮಾಡಿಕೊಂಡು ಎದ್ದರು.

ಪರದೆ ಎಳೆದು ಶ್ರೀಲತಾಳ ಹತ್ತಿರ ಕೂತೆ. ಸುತ್ತುಬಳಸದೆ ಕೇಳಿದೆ.

"ಆ ಮದ್ದನ್ನ ಎಲ್ಲಿ ಕುಡಿಸಿದ್ರು?"

ಶ್ರೀಲತಾ ಅಮ್ಮನ ಮುಖ ನೋಡಿದಳು. ಪದ್ಮಾವತಿಯಮ್ಮ, ಯಾವ ಮದ್ದು, ಎಂತ ಮದ್ದು, ಅದು ಅಮ್ಮೈಯೇ ಡಾಕ್ಟ್ರೇ ಎಂದು ಶುರುಮಾಡಿದರು. ಅಮ್ಮೈ ಅಂದರೆ ಇಲ್ಲಿಯವರ ಬಾಯಲ್ಲಿ ಚಿಕನ್‌ಪಾಕ್ಸ್. ವರ್ಷಗಟ್ಟಲೆ ಹೇಳಿ ಹೇಳಿ ಅವರಿಗೇ ಅದು ನಿಜ ಅನ್ನಿಸಿಬಿಟ್ಟಿತ್ತೋ ಏನೋ. ಅಷ್ಟರಲ್ಲಿ ಶ್ರೀಲತಾ, ನಾನೇ ಹೇಳಿಬಿಡ್ತೇನೆ ಬಿಡಮ್ಮಾ ಎಂದು ತಮಿಳಿನಲ್ಲಿ ಅಂದು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು.

"ಬೇರೆ ಆಸ್ಪತ್ರೆಯಲ್ಲಿ ಸ್ಟ್ರಾ ಹಾಕಿ ಕುಡಿಸಿದ್ರು ಡಾಕ್ಟ್ರೇ. ನೀರಿನ ಹಾಗೇ ಇತ್ತು. ಮಕ್ಕಳ ಹತ್ತಿರ ಹೋಗ್ಬೇಡ ಅಂತ ಹೇಳಿದ್ರು. ಅದು ನನ್ನ ಮಗೂಗೆ ಏನಾದ್ರೂ ಮಾಡಿದ್ಯಾ?"

ರೇಡಿಯೋ ಅಯೋಡಿನ್. ಗ್ರೇವ್ಸ್ ಕಾಯಿಲೆಯಲ್ಲಿ ಕೆರಳಿದ ಗ್ರಂಥಿಯನ್ನು ವಿಕಿರಣದಿಂದ ಸುಟ್ಟು ಸುಮ್ಮನಾಗಿಸುವ ಮದ್ದು. ಅದನ್ನು ಕುಡಿದವರು ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಬೇಕು. ತುಂಬಿದ ಮನೆ, ಹಿಂದೆಯೇ ಹೋಟೆಲು, ಹೋಗಿಬರುವ ನೆಂಟರು. ಹುಡುಗಿ ಯಾಕೆ ಒಳಗೇ ಇದ್ದಾಳೆ ಎಂದು ಕೇಳುವವರಿಗೆ ಏನು ಹೇಳುವುದು? ಬಾಗಿಲಿಗೆ ಬೇವು ಕಂಡರೆ ಈ ಊರಿನಲ್ಲಿ ಯಾರೂ ಒಳಗೆ ಬರುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ. ಪದ್ಮಾವತಿಯಮ್ಮ ಇಲ್ಲಿಯ ರೂಢಿಯೊಳಗೆ ಮಗಳನ್ನು ಬಚ್ಚಿಟ್ಟಿದ್ದರು.

ಯಾಕೆ ಎಂದು ಕೇಳಿದೆ. ಅವರು ಕೂತಲ್ಲೇ ಕುಗ್ಗಿಹೋದರು.

"ಸಂಬಂಧ ನೋಡ್ತಾ ಇದ್ದ ಸಮಯ ಡಾಕ್ಟ್ರೇ. ಹುಡುಗಿಗೆ ಕಿರಣದ ಮದ್ದು ಕುಡಿಸಿದ್ದಾರೆ ಅಂತ ಗೊತ್ತಾದ್ರೆ ಕ್ಯಾನ್ಸರಾ ಅಂತ ಕೇಳ್ತಾರೆ, ಮಕ್ಕಳಾಗ್ಲಿಕ್ಕಿಲ್ಲ ಅಂತ ಹೇಳ್ತಾರೆ. ಮತ್ತೆ ಯಾರು ಮದುವೆ ಆಗ್ತಾರೆ? ನಾನು ಎಂತ ಮಾಡ್ಬೇಕಿತ್ತು, ಹೇಳಿ."

ನನಗೆ ಬೈಯಲು ಬಾಯಿ ಬರಲಿಲ್ಲ. ಹಾಗೆ ಕೇಳುವ ಜನ ಈ ಊರಲ್ಲೂ ಇದ್ದಾರೆ, ನಮ್ಮ ಊರಲ್ಲೂ ಇದ್ದಾರೆ. ಶ್ರೀಲತಾಳಿಗೆ, ಆ ಮದ್ದು ಮಗುವಿಗೆ ಏನೂ ಮಾಡಿಲ್ಲ, ಅದು ಯಾವತ್ತೋ ಮೈಬಿಟ್ಟು ಹೋಗಿದೆ ಎಂದು ಮೊದಲು ಹೇಳಿದೆ. ಆಮೇಲೆ ಎದ್ದು ಸ್ಕ್ಯಾನ್ ಮಾಡುವವರನ್ನು ಕರೆಸಿ, ಮಗುವಿನ ಹೃದಯ ಸಾಕು, ಕುತ್ತಿಗೆ ತೋರಿಸಿ ಅಂದೆ.

ಅವತ್ತು ನೋಡಿದ್ದನ್ನು ಹೇಗೆ ಹೇಳಲಿ? ಸಾವಿರಾರು ಕುತ್ತಿಗೆ ನೋಡಿದ ಕಣ್ಣು ನನ್ನದು. ಪರದೆಯ ಮೇಲೆ ಇನ್ನೂ ಲೋಕ ಕಾಣದ ಒಂದು ಕುತ್ತಿಗೆ, ಅದರ ಮುಂದೆ ಎರಡು ಪುಟ್ಟ ಉಬ್ಬು, ರಕ್ತದ ಹರಿವು ತೋರಿಸುವ ಬಣ್ಣ ಹಾಕಿದಾಗ ಎರಡೂ ಕೆಂಡದ ಹಾಗೆ ಹೊಳೆದವು. ಹೊಟ್ಟೆಯೊಳಗಿನ ಮಗುವಿಗೆ ಗ್ರೇವ್ಸ್. ಕಲೈಸೆಲ್ವಿ ನನ್ನ ತೋಳು ಹಿಡಿದುಕೊಂಡಳು.

ನಡೆದದ್ದು ಇಷ್ಟು. ಶ್ರೀಲತಾಳ ಗ್ರಂಥಿ ಸುಟ್ಟುಹೋಗಿ ವರ್ಷಗಳಾಗಿದ್ದವು. ಅದರ ಬದಲಿಗೆ ಅವಳು ಮಾತ್ರೆ ನುಂಗುತ್ತಿದ್ದಳು, ಎಲ್ಲರೂ ಹಾಶಿಮೊಟೊ ಅಂದುಕೊಂಡಿದ್ದು ಅದಕ್ಕೇ. ಹಾಶಿಮೊಟೊದ್ದು ಎಂದು ನಾವು ನಂಬಿದ್ದ ಪ್ರತಿಕಾಯ ಗ್ರೇವ್ಸ್‌ನಲ್ಲೂ ಸಿಗುತ್ತದೆ. ಆದರೆ ಗ್ರಂಥಿಯನ್ನು ಕೆರಳಿಸುವ ಇನ್ನೊಂದು ಪ್ರತಿಕಾಯ ಅವಳ ರಕ್ತದಲ್ಲಿ ಹಾಗೇ ಉಳಿದಿತ್ತು. ಕೆರಳಿಸಲು ಅವಳಲ್ಲಿ ಗ್ರಂಥಿಯೇ ಇರಲಿಲ್ಲ, ಆದ್ದರಿಂದ ಸುಮ್ಮನಿತ್ತು. ಬಸುರಿಯ ರಕ್ತದಿಂದ ಪ್ರತಿಕಾಯಗಳು ಮಗುವಿಗೆ ಹೋಗುತ್ತವೆ, ಹುಟ್ಟಿದ ಮೇಲೆ ಮಗುವನ್ನು ಕಾಯಲಿ ಎಂದು ತಾಯಿ ಕೊಡುವ ಬುತ್ತಿ ಅದು. ಆ ಬುತ್ತಿಯ ಜೊತೆಗೆ ಇದೂ ದಾಟಿತು. ದಾಟಿದರೆ ಅಲ್ಲಿ ಹೊಚ್ಚಹೊಸ ಗ್ರಂಥಿ ಕೂತಿದೆ. ಪುಸ್ತಕದಲ್ಲಿ ಇದನ್ನು ಓದಿ ಪರೀಕ್ಷೆ ಪಾಸು ಮಾಡಿದವಳು ನಾನು. ಕಣ್ಣಾರೆ ಕಂಡಾಗ ಮಾತ್ರ ಕೈ ಮುಗಿಯಬೇಕು ಅನ್ನಿಸಿತು. ಕೈ ಮುಗಿದದ್ದು ಯಾರಿಗೆ ಎಂದು ಕೇಳಬೇಡಿ. ಪ್ರತಿಕಾಯದ ಪರೀಕ್ಷೆಗೆ ರಕ್ತ ಕಳಿಸಿದೆವು, ವರದಿ ಬಂದಾಗ ಅದು ಹೇರಳವಾಗಿಯೇ ಇತ್ತು.

ಮಗುವನ್ನು ಹೊರತೆಗೆಯುವ ಮಾತು ನಿಂತಿತು. ಚಿಕನ್‌ಪಾಕ್ಸ್ ತಡೆಯುವ ಚುಚ್ಚುಮದ್ದನ್ನು ಕಲೈಸೆಲ್ವಿ ಹಾಕಿಸಿದ್ದಳು, ಅದು ಶ್ರೀಲತಾಳಿಗೆ ತಗುಲಲೇ ಇಲ್ಲ. ಗ್ರಂಥಿಯನ್ನು ಅದುಮುವ ಮಾತ್ರೆಯನ್ನು ಅಮ್ಮನಿಗೆ ಕೊಡಬೇಕು, ಅದು ಅವಳಿಂದ ಮಗುವಿಗೆ ಹೋಗುತ್ತದೆ. ಅಮ್ಮನಿಗೆ ಬೇಕಾದ ಅವಳ ಮಾಮೂಲಿ ಮಾತ್ರೆಯೂ ನಿಲ್ಲಬಾರದು. ಒಂದು ಏರಿಸುವುದು, ಒಂದು ಇಳಿಸುವುದು, ಎರಡೂ ಒಂದೇ ಬಾಯಿಂದ ನುಂಗಬೇಕು. ಮನೆಯಲ್ಲಿ ಮಾತ್ರೆ ಎಣಿಸಿ ಕೊಡುವವರು ಸರೋಜಮ್ಮ. ಏನು ಹೇಳುವುದು ಎಂದು ಶ್ರೀಲತಾಳನ್ನೇ ಕೇಳಿದೆ, ನೀನು ಬೇಡ ಅಂದರೆ ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ ಅಂದೆ. ಅವಳು ಯಂತ್ರದ ಟಪಟಪ ಕೇಳುತ್ತಾ ಸುಮಾರು ಹೊತ್ತು ಮಲಗಿದ್ದಳು. ಆಮೇಲೆ ಗಂಡನಿಗೆ ಫೋನ್ ಮಾಡಿ ಹೇಳಿದಳು. ಅವನು, ನಿನಗೀಗ ಮೈ ಹೇಗುಂಟು ಎಂದಷ್ಟೇ ಕೇಳಿದನಂತೆ. ಅತ್ತೆಗೆ ಹೇಳುವಾಗ ನೀವೂ ಇರಬೇಕು ಅಂದಳು.

ಸರೋಜಮ್ಮ ಎಲ್ಲ ಕೇಳಿಸಿಕೊಂಡರು. ಕಾಯಿಲೆ ಹೇಗೆ ದಾಟಿತು ಅನ್ನುವುದು ಮಾತ್ರ ತಲೆಗೆ ಹೋಗಲಿಲ್ಲ. ನಾನು ಅವರ ಭಾಷೆಯಲ್ಲೇ ಹೇಳಿದೆ. ಯಜಮಾನರ ಧ್ವನಿಯನ್ನು ಅನುಕರಿಸಿ ಯಾರೋ ಒಬ್ಬ ಹೊರಗೆ ನಿಂತು, ಇನ್ನೂ ಹಾಕು, ಇನ್ನೂ ಹಾಕು ಎಂದು ನಿಮ್ಮ ಅಡುಗೆಮನೆಗೆ ಕೂಗುತ್ತಾನೆ ಅಂದುಕೊಳ್ಳಿ. ಭಟ್ಟರು ಪಾಪ, ಯಜಮಾನರೇ ಅಂದುಕೊಂಡು ದೋಸೆ ಹುಯ್ಯುತ್ತಲೇ ಇರುತ್ತಾರೆ. ಕೊನೆಗೆ ಅಡುಗೆಮನೆಯನ್ನೇ ಮುಚ್ಚಿದ್ದಾಯಿತು. ಆದರೆ ಕೂಗುವವನು ಹೋಗಲಿಲ್ಲ, ಪಕ್ಕದಲ್ಲಿ ಹೊಸ ಅಡುಗೆಮನೆ ಎದ್ದ ಕೂಡಲೇ ಅಲ್ಲಿಗೆ ಕೂಗತೊಡಗಿದ. ಸರೋಜಮ್ಮ ತಲೆಯಾಡಿಸಿದರು. ಅರ್ಥವಾಗಿತ್ತು. ಆಮೇಲೆ ಸೊಸೆಯ ಕಡೆ ತಿರುಗಿ ಕೇಳಿದರು.

"ನಾಲ್ಕು ವರ್ಷ ಒಂದೇ ಒಲೆ ಮುಂದೆ ನಿಂತಿದ್ದೇವಲ್ಲ ಮಾರಾಯ್ತಿ. ನನ್ನ ಹತ್ರ ಹೇಳ್ಬೇಕು ಅಂತ ಒಂದು ದಿನವೂ ಕಾಣ್ಲಿಲ್ವಾ ನಿಂಗೆ?"

ಹುಡುಗಿ ಅತ್ತಳು. ಕಾಯಿಲೆಗೆ ಅತ್ತವಳಲ್ಲ, ಈ ಮಾತಿಗೆ ಅತ್ತಳು. ಸರೋಜಮ್ಮ ಬೀಗಿತ್ತಿಯ ಮುಖ ನೋಡದೆ ಎದ್ದು ಹೋದರು. ಎರಡು ದಿನ ಬರಲಿಲ್ಲ. ಮೂರನೆಯ ದಿನ ಫ್ಲಾಸ್ಕ್ ಹಿಡಿದುಕೊಂಡು ಬಂದರು, ನಮ್ಮ ಕ್ಯಾಂಟೀನಿನ ಕಾಫಿಯಲ್ಲಿ ಬರೀ ಚಿಕೋರಿ ಎಂದು ನನಗೆ ತೀರ್ಪು ಒಪ್ಪಿಸಿದರು, ಮಾತ್ರೆಯ ಎರಡು ಪಟ್ಟಿಗಳನ್ನು ಕೈಗೆ ತೆಗೆದುಕೊಂಡು ಯಾವುದು ಯಾವ ಹೊತ್ತಿಗೆ ಎಂದು ಕೇಳಿದರು. ಬೀಗಿತ್ತಿಯ ಹತ್ತಿರ ಮಾತ್ರ ಮಾತು ಬಿಟ್ಟಿದ್ದರು.

ಮಗುವಿನ ಎದೆಬಡಿತ ದಿನದಿಂದ ದಿನಕ್ಕೆ ಇಳಿಯಿತು. ಎರಡನೆಯ ವಾರದ ಹೊತ್ತಿಗೆ ಯಂತ್ರದ ಶಬ್ದ ಎಲ್ಲ ಮಕ್ಕಳ ಎದೆಬಡಿತದ ಹಾಗೆಯೇ ಕೇಳತೊಡಗಿತು. ಶ್ರೀಲತಾ ಒಂದು ದಿನ ಅದನ್ನು ಕೇಳುತ್ತಲೇ ನಿದ್ದೆಹೋಗಿದ್ದಳು, ನಾನು ಎಬ್ಬಿಸಲಿಲ್ಲ. ದಿನ ತುಂಬುವವರೆಗೂ ಮಗು ಒಳಗೇ ಬೆಳೆಯಿತು. ಹೆಣ್ಣು ಹುಟ್ಟಿತು. ಅಲ್ಲಿಗೆ ಮುಗಿಯಲಿಲ್ಲ, ಯಾರೂ ಮುಗಿಯಿತು ಅಂದುಕೊಂಡು ಮನೆಗೆ ಕಳಿಸಬೇಡಿ. ಅಮ್ಮನ ಮಾತ್ರೆ ಈಗ ಮಗುವಿಗೆ ಸಿಗುವುದಿಲ್ಲ, ಪ್ರತಿಕಾಯ ಮಾತ್ರ ಮಗುವಿನ ರಕ್ತದಲ್ಲಿ ಇನ್ನೂ ಇದೆ. ನಾವು ಕಾದೇ ಇದ್ದೆವು. ಕೆಲವೇ ದಿನಗಳಲ್ಲಿ ಆ ಕೂಸು ಕಣ್ಣರಳಿಸಿ, ಎಷ್ಟು ಕುಡಿದರೂ ಸಾಲದೆ, ಎದೆ ಓಡಿಸಿಕೊಂಡು ಚೀರತೊಡಗಿತು. ಮಾತ್ರೆಯನ್ನು ಅರೆದು ಅದರ ಬಾಯಿಗೇ ಹಾಕಿದ್ದಾಯಿತು. ಮಕ್ಕಳ ಡಾಕ್ಟರು ದಿನವೂ ನೋಡಿದರು. ವಾರಗಳು ಕಳೆದಂತೆ ಅಮ್ಮನಿಂದ ಬಂದದ್ದು ತಾನಾಗಿ ಕರಗುತ್ತಾ ಬಂತು. ಆ ಪ್ರತಿಕಾಯವನ್ನು ತೆಗೆದುಹಾಕಲು ನಾವು ಏನೂ ಮಾಡಲಿಲ್ಲ, ಮಾಡಲು ನಮ್ಮ ಕೈಯಲ್ಲಿ ಏನೂ ಇಲ್ಲ. ಮಗುವಿನ ದೇಹವೇ ಸಾವಕಾಶವಾಗಿ ಕಳಚಿಕೊಂಡಿತು.

ಕೊನೆಯ ವರದಿ ಬಂದ ದಿನ ಮೂವರೂ ಮಗುವಿನ ಜೊತೆ ನನ್ನ ಕೋಣೆಗೆ ಬಂದರು. ಮಗುವಿನ ರಕ್ತದಲ್ಲಿ ಪ್ರತಿಕಾಯ ಉಳಿದಿರಲಿಲ್ಲ. ಇನ್ನು ಮಾತ್ರೆ ಬೇಡ ಅಂದೆ. ತನ್ನ ರಕ್ತದಲ್ಲಿ ಇನ್ನೂ ಇದೆಯೇ ಎಂದು ಶ್ರೀಲತಾ ಕೇಳಿದಳು. ಇದೆ, ಮುಂದಿನ ಬಸುರಿಗೆ ಮೊದಲ ತಿಂಗಳೇ ಬಂದು ಹೇಳಬೇಕು ಅಂದೆ. ಇಂಥ ಕಾಯಿಲೆ ಮನೆತನದಲ್ಲಿ ಹರಿಯುವುದುಂಟು, ಈ ಮಗು ದೊಡ್ಡವಳಾದ ಮೇಲೆ ಸ್ವಂತವಾಗಿಯೇ ಬಂದರೂ ಬರಬಹುದು, ಬರದೆಯೂ ಇರಬಹುದು ಎನ್ನುವುದನ್ನೂ ಮುಚ್ಚಿಡದೆ ಹೇಳಿದೆ.

ಸರೋಜಮ್ಮ ಬಾಗಿಲ ಕಡೆ ನೋಡಿದರು. ಹೊರಗೆ ಜನ ಸಾಲಾಗಿ ಕೂತಿದ್ದರು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಈಗ ಮಗುವಿಗೆ ಎಲ್ಲ ಸರಿಯಾಯಿತಲ್ಲ, ಹೆಣ್ಣುಮಗು ಬೇರೆ, ಇದನ್ನು ಇನ್ನು ಯಾರ ಹತ್ತಿರವೂ ಎತ್ತುವುದು ಬೇಡ ಅಲ್ಲವೇ ಎಂದು ಪಿಸುದನಿಯಲ್ಲಿ ಕೇಳಿದರು. ಬೇಡವೇ ಬೇಡ ಎಂದು ಪದ್ಮಾವತಿಯಮ್ಮ ಒತ್ತಿ ಹೇಳಿದರು. ಅಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದೆ ಇದ್ದ ಬೀಗಿತ್ತಿಯರು ಆ ಒಂದು ಮಾತಿಗೆ ಒಂದಾದರು. ನಾನು ಬಾಯಿ ತೆರೆಯುವ ಮೊದಲೇ ಶ್ರೀಲತಾ ಹೇಳಿದಳು, ಪಿಸುಗುಟ್ಟದೆ, ಹೊರಗೆ ಕೂತವರಿಗೂ ಕೇಳುವ ಹಾಗೆ.

"ಇಲ್ಲ ಅತ್ತೆ, ಹೇಳ್ಬೇಕು. ಇವಳಿಗೆ ಬುದ್ಧಿ ಬಂದ ಕೂಡಲೇ ಮೊದಲು ಇವಳಿಗೇ ಹೇಳುದು. ಆಮೇಲೆ ಯಾರು ಬಂದು ಕೇಳಿದ್ರೂ ಇವಳೇ ಹೇಳ್ತಾಳೆ."

ಶ್ರೀಲತಾ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು, ಅಜ್ಜಿಯರಿಬ್ಬರೂ ಚೀಲ ಎತ್ತಿಕೊಂಡು ಅವಳ ಹಿಂದೆ ಹೊರಟರು.